ರೇಟಿಂಗ್ ಲೆಕ್ಕ ಸರಿಯೇ ಇರಬಹುದು, ಆಡಲು ಟೂರ್ನಮೆಂಟ್ ಎಲ್ಲಿದೆ? ಉತ್ತರ ಕನ್ನಡದ ಚೆಸ್ ಪಾಲಕರು, ಆಟಗಾರರು ಹೇಳಿ

ಶಿರಸಿ ಪಾಲಕ:

ಮಗಳು ಒಂಬತ್ತನೇ ತರಗತಿ. ಅವಳ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ, 1180 ಇತ್ತು. 2024ರ ಮಾರ್ಚ್ ಒಂದನೇ ತಾರೀಕಿಗೆ, ಒಂದು ಆಟವನ್ನೂ ಆಡದೆ, 1508 ಆಯಿತು. ಆಮೇಲೆ ಹುಬ್ಬಳ್ಳಿ, ಬೆಂಗಳೂರು, ಮಂಗಳೂರು ಅಂತ ಹೋಗಿಬಂದು ಈಗ 1431ಕ್ಕೆ ನಿಂತಿದೆ. ಸೋತದ್ದು ಹೆಚ್ಚಾಗಿ 1400ರ ಆಜುಬಾಜಿನ ಚಿಕ್ಕ ಮಕ್ಕಳ ಎದುರಿಗೆ. ಆ ಮಕ್ಕಳ ಆಟ ನೋಡಿದರೆ 1400 ಅಂತ ಯಾರೂ ಅನ್ನಲಿಕ್ಕಿಲ್ಲ, ಅಷ್ಟು ಗಟ್ಟಿ ಇದ್ದಾರೆ.

ಅವಳಿಗೆ ಬೇಜಾರಾಗಿದೆ, ನನಗೂ. ಈ ರೇಟಿಂಗ್ ಅನ್ನೋದು ನ್ಯಾಯವಾಗಿದೆಯಾ? ನಮ್ಮ ಕಡೆಯ ಮಕ್ಕಳು ಹಿಂದೆ ಬೀಳುತ್ತಿರೋದು ಆಟದಲ್ಲೋ, ಈ ಲೆಕ್ಕದಲ್ಲೋ? ಹೊರಗಿನ ಊರಿನ ಒಂದು ಅಕಾಡೆಮಿಯವರು ಫೋನ್ ಮಾಡಿ, ರೇಟಿಂಗ್ ಬಿಡಿ, ಆರು ತಿಂಗಳಲ್ಲಿ ಅಂತರರಾಷ್ಟ್ರೀಯ ಟೈಟಲ್ ಕೊಡಿಸ್ತೇವೆ ಅಂತಿದ್ದಾರೆ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಮೂರ್ನಾಲ್ಕು ದಿನ ಮನೆ ಬಿಟ್ಟು ಹೋಗೋದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಅಘನಾಶಿನಿ:

ಕುಮಟಾದಲ್ಲಿ ಗಣಿತ ಕಲಿಸುವವನು ನಾನು, ಲೆಕ್ಕದ ಭಾಗ ನಾನು ಹೇಳ್ತೇನೆ.

ಈ ಪದ್ಧತಿಯನ್ನು ರೂಪಿಸಿದವರು ಆರ್ಪಾಡ್ ಎಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದವರು. ಅಮೆರಿಕದ ಫೆಡರೇಶನ್ 1960ರಲ್ಲಿ, ಫಿಡೆ 1970ರಲ್ಲಿ ಇದನ್ನು ಒಪ್ಪಿಕೊಂಡವು. ಇಬ್ಬರ ರೇಟಿಂಗ್ ಅಂತರ ನೋಡಿ, ಯಾರಿಗೆ ಎಷ್ಟು ಅಂಕ ಬರಬೇಕು ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ಅಂತರ ಸೊನ್ನೆ ಇದ್ದರೆ ನಿರೀಕ್ಷೆ 0.50. ನೂರು ಹೆಚ್ಚಿದ್ದವರಿಗೆ 0.64, ಇನ್ನೂರು ಹೆಚ್ಚಿದ್ದವರಿಗೆ 0.76. ಬಂದ ಅಂಕದಲ್ಲಿ ಈ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಕೆ ಅನ್ನೋ ಸಂಖ್ಯೆಯಿಂದ ಗುಣಿಸಬೇಕು. ಹದಿನೆಂಟು ದಾಟದ, 2300ರ ಕೆಳಗಿನ ಮಕ್ಕಳಿಗೆ ಕೆ 40. ದೊಡ್ಡವರಿಗೆ ಸಾಧಾರಣವಾಗಿ 20. ಒಮ್ಮೆ 2400 ಮುಟ್ಟಿದವರಿಗೆ 10.

ನಿಮ್ಮ ಮಗಳ ಲೆಕ್ಕ ನೋಡಿ. ಅವಳು 1508, ಎದುರಿನ ಹುಡುಗ 1400. ಅವಳಿಂದ ನಿರೀಕ್ಷೆ 0.65. ಸೋತರೆ 0.65 ಗುಣಿಸು 40, ಅಂದರೆ 26 ಹೋಯಿತು. ಗೆದ್ದರೆ ಬರೋದು 14 ಮಾತ್ರ. ಅಂಥ ಮೂರು ಸೋಲಿಗೆ 78. ಅವಳು ಒಟ್ಟು ಕಳೆದುಕೊಂಡದ್ದು 77. ಅದೇ ಅವಳು 1708ರ ಒಬ್ಬರನ್ನು ಸೋಲಿಸಿದ್ದರೆ ಒಂದೇ ಆಟದಲ್ಲಿ 30 ಬರುತ್ತಿತ್ತು, ಸೋತಿದ್ದರೂ ಹೋಗುತ್ತಿದ್ದದ್ದು 10ರ ಒಳಗೆ. ಇದು ಅಂಥ ಮೂರು ಒಳ್ಳೆಯ ಆಟಕ್ಕೆ ವಾಪಸ್ ಬರುವ ನಷ್ಟ. ಮಗುವಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿ. ಸೋತೆ ಅನ್ನೋದು ಬೇರೆ, ಎಷ್ಟು ಸೋತೆ ಅನ್ನೋದು ಬೇರೆ.

ಮಾರ್ಚ್ 2024ರ ಏರಿಕೆಯ ಬಗ್ಗೆ: 2000ದ ಕೆಳಗಿದ್ದ ಎಲ್ಲರಿಗೂ, 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ಹತ್ತರಲ್ಲಿ ನಾಲ್ಕು ಪಾಲು ಸೇರಿಸಿದರು. ನಿಮ್ಮ ಮಗಳಿಗೆ 820 ಕಡಿಮೆ ಇತ್ತು, ಅದರಲ್ಲಿ 328 ಸಿಕ್ಕಿತು. ಜೊತೆಗೆ ರೇಟಿಂಗ್‌ನ ತಳವನ್ನೇ 1000ದಿಂದ 1400ಕ್ಕೆ ಎತ್ತಿದರು. ಸಂಖ್ಯಾಶಾಸ್ತ್ರಜ್ಞ ಜೆಫ್ ಸೋನಾಸ್ ಅಂಕಿಅಂಶ ತೆಗೆದು ತೋರಿಸಿದ್ದು ಏನೆಂದರೆ, ಕೆಳಗಿನ ಹಂತದಲ್ಲಿ ಅಂಕಿಗಳು ವಿಪರೀತ ಕುಸಿದುಹೋಗಿದ್ದವು, ಕೆಳಗಿನವರು ತಮ್ಮ ಅಂಕಿ ಹೇಳೋದಕ್ಕಿಂತ ಚೆನ್ನಾಗಿ ಆಡುತ್ತಿದ್ದರು. ಅದಕ್ಕೆ ಈ ರಿಪೇರಿ. ಯಾರಿಗೂ ದಾನ ಮಾಡಿದ್ದಲ್ಲ.

ಸದಾಶಿವಗಡ:

ಮಾಸ್ತರರೆ, ಲೆಕ್ಕ ಅರ್ಥ ಆಯಿತು. ಆದರೆ ಆ ಚಿಕ್ಕ ಹುಡುಗರು 1400ರಲ್ಲಿ ಯಾಕಿದ್ದಾರೆ ಅನ್ನೋದೇ ಪ್ರಶ್ನೆ ಅಲ್ಲವಾ? ಅವರು ದಿನಾ ಆನ್‌ಲೈನ್ ಆಡ್ತಾರೆ, ಕೋಚ್ ಇದ್ದಾರೆ, ರೇಟಿಂಗ್‌ಗೆ ಲೆಕ್ಕ ಆಗುವ (ರೇಟೆಡ್) ಆಟ ಮಾತ್ರ ಕಡಿಮೆ. ಶಕ್ತಿ ಒಂದು ಕಡೆ, ಅಂಕಿ ಇನ್ನೊಂದು ಕಡೆ. ನನ್ನ ಮಗ ಮಡಗಾಂವ್‌ನಲ್ಲಿ ಇಂಥವರ ಕೈಯಲ್ಲೇ ಪಾಯಿಂಟ್ ಕಳೆದುಕೊಳ್ಳೋದು.

ಅಘನಾಶಿನಿ:

ಹೌದು, ಅದು ನಿಜವಾದ ದೋಷ. ರೇಟಿಂಗ್‌ಗೆ ಗೊತ್ತಾಗೋದು ರೇಟೆಡ್ ಬೋರ್ಡ್ ಮೇಲೆ ನಡೆದದ್ದು ಮಾತ್ರ. ಭಾರತದಲ್ಲಿ ಪ್ರತಿ ವರ್ಷ ಹೊಸ ಮಕ್ಕಳು ಸಾವಿರಗಟ್ಟಲೆ ಬರ್ತಾರೆ, ಬೇಗ ಬೆಳೀತಾರೆ, ದೊಡ್ಡವರಿಂದ ಪಾಯಿಂಟ್ ತಗೊಳ್ತಾರೆ. ಶಿರಸಿ ಪೇಟೆಯ ಅಡಿಕೆ ಧಾರಣೆ ನೋಡಿ ಶಿವಮೊಗ್ಗದಲ್ಲಿ ವ್ಯಾಪಾರ ಮಾಡಿದ ಹಾಗೆ, ಒಂದು ಗುಂಪಿನ 1500ನ್ನು ಇನ್ನೊಂದು ಗುಂಪಿನ 1500ಕ್ಕೆ ನೇರ ಹೋಲಿಸಲಾಗದು. ಎರಡು ಗುಂಪಿನವರು ಆಗಾಗ ಎದುರುಬದುರು ಕೂತರೆ ಮಾತ್ರ ಅಂಕಿಗಳು ಹೊಂದಿಕೊಳ್ತವೆ.

ಅಕ್ಕೋರು, ಹೊನ್ನಾವರ:

ನಮ್ಮ ಶಾಲೆಯಲ್ಲಿ ಚೆನ್ನಾಗಿ ಆಡುವ ಹನ್ನೆರಡು ಮಕ್ಕಳಿದ್ದಾರೆ. ಒಬ್ಬರಿಗೂ ರೇಟಿಂಗ್ ಇಲ್ಲ. ತಾಲೂಕು, ಜಿಲ್ಲೆ ಅಂತ ಇಲಾಖೆಯ ಪಂದ್ಯ ಆಡ್ತಾರೆ, ಪ್ರಮಾಣಪತ್ರ ಸಿಗ್ತದೆ. ಅಲ್ಲಿಗೆ ಮುಗೀತು. ಮೀನುಗಾರರ ಮನೆಯ ಒಬ್ಬ ಹುಡುಗ ಇದ್ದಾನೆ, ಕುದುರೆಗಳನ್ನು ಅವನು ನಡೆಸುವ ರೀತಿ ನೋಡಬೇಕು. ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವವರು ಯಾರು? ಶಿರಸಿಯವರು ರೇಟಿಂಗ್ ಇಳೀತು ಅಂತ ಬೇಜಾರು ಮಾಡ್ಕೊಂಡಿದ್ದಾರೆ. ನಮ್ಮ ಮಕ್ಕಳು ಪಟ್ಟಿಯಲ್ಲೇ ಇಲ್ಲ.

ಮೊದಲ ರೇಟಿಂಗ್ ಸಿಗಬೇಕಾದರೆ ಏನು ಮಾಡಬೇಕು? ಇಲ್ಲೇ ಜಿಲ್ಲೆಯಲ್ಲಿ ಮಾಡಲಿಕ್ಕೆ ಬರೋದಿಲ್ಲವಾ?

ಯಲ್ಲಾಪುರ ಆರ್ಬಿಟರ್:

ಅಕ್ಕೋರೆ, ನಾನು ಆರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರ. ಮಾಡಲಿಕ್ಕೆ ಬರ್ತದೆ. ಯಾಕೆ ಕಷ್ಟ ಅಂತಲೂ ಹೇಳ್ತೇನೆ.

ರೇಟಿಂಗ್ ಇಲ್ಲದ ಮಗು, ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಬೇಕು. ಒಂದೇ ಟೂರ್ನಮೆಂಟ್‌ನಲ್ಲಿ ಆಗಬೇಕಂತಿಲ್ಲ, ಸೇರಿಸಬಹುದು. ಆದರೆ ಮೊದಲ ಟೂರ್ನಮೆಂಟ್‌ನಲ್ಲಿ ಸೊನ್ನೆ ಬಂದರೆ ಅದು ಲೆಕ್ಕಕ್ಕಿಲ್ಲ. ಐದು ಆಟ ಆದ ಮೇಲೆ, 1800 ರೇಟಿಂಗ್‌ನ ಇಬ್ಬರ ಜೊತೆ ಡ್ರಾ ಮಾಡಿಕೊಂಡ ಹಾಗೆ ಎರಡು ಕಾಲ್ಪನಿಕ ಆಟ ಸೇರಿಸಿ ಲೆಕ್ಕ ಹಾಕ್ತಾರೆ. ಉದಾಹರಣೆಗೆ ಸರಾಸರಿ 1500ರ ಐವರ ಎದುರು ನಿಮ್ಮ ಹುಡುಗ ಎರಡೂವರೆ ಅಂಕ ಮಾಡಿದ ಅಂತ ಇಟ್ಕೊಳ್ಳಿ. ಆ ಎರಡನ್ನೂ ಸೇರಿಸಿ ಏಳು ಆಟದ ಸರಾಸರಿ 1586, ಅಂಕ ಅರ್ಧಕ್ಕರ್ಧ, ಹಾಗಾಗಿ ಅವನ ಮೊದಲ ರೇಟಿಂಗ್ 1586. ಲೆಕ್ಕ 1400ರ ಕೆಳಗೆ ಬಂದರೆ ರೇಟಿಂಗ್ ಇಲ್ಲ.

ಕಷ್ಟ ಎಲ್ಲಿ ಅಂದರೆ, ರೇಟಿಂಗ್ ಇಲ್ಲದವರ ಎದುರು ಆಡಿದ ಆಟ ರೇಟಿಂಗ್ ಇದ್ದವರಿಗೂ ಲೆಕ್ಕಕ್ಕೆ ಬರೋದಿಲ್ಲ. ಜಿಲ್ಲೆಯಲ್ಲಿ ನೂರು ಮಕ್ಕಳನ್ನು ಸೇರಿಸಿ, ಅವರಲ್ಲಿ ಹತ್ತೇ ಜನ ರೇಟೆಡ್ ಇದ್ದರೆ, ಯಾರಿಗೂ ಐದು ಆಟ ಕೂಡೋದಿಲ್ಲ. ಟೂರ್ನಮೆಂಟ್ ರೇಟೆಡ್ ಅಂತ ಬ್ಯಾನರ್‌ನಲ್ಲಿ ಇರ್ತದೆ, ಪಟ್ಟಿಗೆ ಯಾರೂ ಸೇರೋದಿಲ್ಲ. ಹೊರಗಿನಿಂದ ರೇಟೆಡ್ ಆಟಗಾರರು ಬರಲೇಬೇಕು. ಅವರು ಬರಬೇಕಾದರೆ ಬಹುಮಾನ ಬೇಕು, ವಸತಿ ಬೇಕು, ಮಳೆಗಾಲ ಇರಬಾರದು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತಲ್ಲ, ಅಂಥ ಹೊತ್ತಲ್ಲಿ ಯಾರು ಬರ್ತಾರೆ.

ಸದಾಶಿವಗಡ:

ಅದರ ಮುಂದಿನ ತಿಂಗಳೇ ನಮ್ಮ ಕಾಳಿ ಸೇತುವೆ ಬಿತ್ತು. ಆ ಮಳೆಗಾಲದಲ್ಲಿ ನಾವು ಎಲ್ಲೂ ಹೋಗಲಿಲ್ಲ.

ಕಾರವಾರ ತಮ್ಮ:

ನಾನು 1900ರ ಆಸುಪಾಸಿನವನು, ಎಂಜಿನಿಯರಿಂಗ್ ಓದ್ತಿದ್ದೇನೆ. ಟೈಟಲ್ ವಿಷಯ ಯಾರೂ ಮಾತಾಡಿಲ್ಲ, ಅದನ್ನು ಹೇಳ್ತೇನೆ.

ಶಿರಸಿಯವರೆ, ಆ ಅಕಾಡೆಮಿಯವರು ಯಾವ ಟೈಟಲ್ ಅಂತ ಹೆಸರು ಹಿಡಿದು ಹೇಳಿದ್ದಾರಾ? ಫಿಡೆಯ ಆನ್‌ಲೈನ್ ಅರೀನಾದಲ್ಲಿ ಬೇರೆಯದೇ ಟೈಟಲ್‌ಗಳಿವೆ, ಅರೀನಾ ಕ್ಯಾಂಡಿಡೇಟ್ ಮಾಸ್ಟರ್, ಅರೀನಾ ಫಿಡೆ ಮಾಸ್ಟರ್ ಹೀಗೆ. ಅವು ಆನ್‌ಲೈನ್ ಆಟಕ್ಕೆ ಸಿಗುವಂಥವು. ಬೋರ್ಡ್ ಮೇಲಿನ ಕ್ಯಾಂಡಿಡೇಟ್ ಮಾಸ್ಟರ್‌ಗೆ 2200 ಬೇಕು, ಫಿಡೆ ಮಾಸ್ಟರ್‌ಗೆ 2300. 1431ರ ಮಗುವಿಗೆ ಆರು ತಿಂಗಳಲ್ಲಿ ಅದನ್ನು ಕೊಡಿಸ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಇನ್ನು ದೊಡ್ಡ ಟೈಟಲ್‌ಗಳು. ಅಮೆರಿಕದ ಅಭಿಮನ್ಯು ಮಿಶ್ರಾ 2021ರ ಜೂನ್‌ನಲ್ಲಿ ಹನ್ನೆರಡು ವರ್ಷಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದದ್ದು ಬುಡಾಪೆಸ್ಟ್‌ನಲ್ಲಿ ತಿಂಗಳುಗಟ್ಟಲೆ ಉಳಿದು, ನಾರ್ಮ್‌ಗಾಗಿಯೇ (ಟೈಟಲ್‌ಗೆ ಬೇಕಾದ ಮಟ್ಟದ ಫಲಿತಾಂಶ) ನಡೆಯುವ ಟೂರ್ನಮೆಂಟ್‌ಗಳನ್ನು ಒಂದರ ಮೇಲೊಂದು ಆಡಿ. ಅವನ ಪ್ರತಿಭೆಯ ಬಗ್ಗೆ ನನಗೆ ಸಂಶಯ ಇಲ್ಲ. ಆದರೆ ಕಾರವಾರದ ಒಬ್ಬ ಹುಡುಗನಿಗೆ ಅಷ್ಟೇ ಪ್ರತಿಭೆ ಇದ್ದರೂ ಬುಡಾಪೆಸ್ಟ್‌ನಲ್ಲಿ ಮನೆ ಮಾಡೋಕೆ ಆಗ್ತದಾ? ಟೈಟಲ್ ಅನ್ನೋದು ಅರ್ಧ ಆಟ, ಅರ್ಧ ದುಡ್ಡು.

ಅಘನಾಶಿನಿ:

ತಮಾ, ದುಡ್ಡಿನ ಮಾತು ಒಪ್ಪಿದೆ, ಅರ್ಧ ಅನ್ನೋದನ್ನು ಒಪ್ಪೋದಿಲ್ಲ. ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಅಂದರೆ ಕನಿಷ್ಠ ಒಂಬತ್ತು ಆಟ, ಎದುರಾಳಿಗಳ ಸರಾಸರಿ ಕನಿಷ್ಠ 2380, ಅವರಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳು, ಬೇರೆ ಬೇರೆ ದೇಶದವರೂ ಇರಬೇಕು, ಮತ್ತು ಆಟದ ಮಟ್ಟ 2600. ಇಂಥವು ಒಟ್ಟು 27 ಆಟಗಳಷ್ಟು ಆಗಬೇಕು, ಸಾಮಾನ್ಯವಾಗಿ ಮೂರು ನಾರ್ಮ್. ಅದರ ಮೇಲೆ ಒಮ್ಮೆಯಾದರೂ 2500 ದಾಟಬೇಕು. ನಾರ್ಮ್ ಟೂರ್ನಮೆಂಟನ್ನು ದುಡ್ಡು ಕೊಟ್ಟು ಏರ್ಪಡಿಸಬಹುದು, ಒಂಬತ್ತು ಸುತ್ತು ಕೂತು ಆಡಬೇಕಾದವರು ನಾವೇ.

ವಂಚನೆಗಳು ಆಗಿಲ್ಲ ಅಂತಲ್ಲ. ರೊಮೇನಿಯಾದ ಅಲೆಕ್ಸಾಂಡ್ರು ಕ್ರಿಸಾನ್ ಅನ್ನುವವರು ಪಟ್ಟಿಯಲ್ಲಿ 2600ರ ಮೇಲೆ ಇದ್ದರು, ಅವರೇ ಅಲ್ಲಿನ ಫೆಡರೇಶನ್ ಅಧ್ಯಕ್ಷರೂ ಆಗಿದ್ದರು. ಅವರ ಫಲಿತಾಂಶಗಳ ಮೇಲೆ ವರ್ಷಗಟ್ಟಲೆ ಸಂಶಯ ಇತ್ತು, ಫಿಡೆ ಟೈಟಲ್ ವಾಪಸ್ ಪಡೆದದ್ದು 2015ರಲ್ಲಿ. ಇಗೋರ್ಸ್ ರೌಸಿಸ್ 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಶೌಚಾಲಯದಲ್ಲಿ ಫೋನ್ ಜೊತೆ ಸಿಕ್ಕಿಬಿದ್ದರು, ಅವರ ಟೈಟಲ್ಲೂ ಹೋಯಿತು. ಕ್ರಿಸಾನ್ ಪ್ರಕರಣ ನನಗೆ ಹೆಚ್ಚು ಕಳವಳ ಹುಟ್ಟಿಸ್ತದೆ. ಫಲಿತಾಂಶ ಕಳಿಸುವ ಕುರ್ಚಿಯಲ್ಲಿ ಆಟಗಾರನೇ ಕೂತರೆ ಏನಾಗ್ತದೆ ಅಂತ ಅಲ್ಲಿ ಕಾಣ್ತದೆ.

ಅಕ್ಕೋರು, ಹೊನ್ನಾವರ:

ಶಿರಸಿಯವರ ಮಗಳ ವಿಷಯದಲ್ಲಿ ಒಂದು ಮಾತು. ಮಹಿಳಾ ಟೈಟಲ್‌ಗಳು ಬೇರೆ ಇವೆ. ಮಹಿಳಾ ಕ್ಯಾಂಡಿಡೇಟ್ ಮಾಸ್ಟರ್‌ಗೆ 2000, ಫಿಡೆ ಮಾಸ್ಟರ್‌ಗೆ 2100, ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2200, ಗ್ರ್ಯಾಂಡ್‌ಮಾಸ್ಟರ್‌ಗೆ 2300. ಗಂಡು ಹೆಣ್ಣು ಎಲ್ಲರಿಗೂ ಇರುವ ಮುಕ್ತ ಟೈಟಲ್‌ಗಿಂತ ಎಲ್ಲ ಇನ್ನೂರು ಕಡಿಮೆ. ಇದು ಹೆಣ್ಣುಮಕ್ಕಳನ್ನು ಕೀಳಾಗಿ ನೋಡಿದ ಹಾಗೆ ಅಂತ ಕೆಲವರು ಹೇಳ್ತಾರೆ. ಹಂಗೇರಿಯ ಯೂಡಿತ್ ಪೋಲ್ಗಾರ್ ಮುಕ್ತ ವಿಭಾಗದಲ್ಲೇ ಆಡಿ ವಿಶ್ವದ ಎಂಟನೇ ಸ್ಥಾನಕ್ಕೆ ಹೋದರು, ಅದು ದೊಡ್ಡ ಮಾತು. ಆದರೆ ಶಾಲೆಯಲ್ಲಿ ನಾನು ನೋಡೋದು ಬೇರೆ. ಎಂಟನೇ ತರಗತಿ ದಾಟುತ್ತಲೇ ಹುಡುಗಿಯರು ಆಟ ಬಿಡ್ತಾರೆ. ದೂರ ಕಳಿಸಬೇಕು, ಜೊತೆಗೆ ತಾಯಿ ಹೋಗಬೇಕು, ಲಾಡ್ಜ್‌ನಲ್ಲಿ ಉಳೀಬೇಕು. ಅವರನ್ನು ಬೋರ್ಡ್ ಮುಂದೆ ಇನ್ನೆರಡು ವರ್ಷ ಉಳಿಸುವ ಯಾವ ಮೆಟ್ಟಿಲಾದರೂ ನನಗೆ ಬೇಕು.

ದಿವ್ಯಾ ದೇಶಮುಖ್ ನೋಡಿ. 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಕೊನೇರು ಹಂಪಿಯವರನ್ನು ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದರು, ಆ ಗೆಲುವಿನಿಂದಲೇ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಆದರು, ಅದಕ್ಕೆ ಮೊದಲು ಒಂದೂ ನಾರ್ಮ್ ಇರಲಿಲ್ಲ. ನಮ್ಮ ದೇಶದಲ್ಲಿ ಆ ಟೈಟಲ್ ಪಡೆದ ನಾಲ್ಕನೇ ಮಹಿಳೆ. ಹಂಪಿ, ಹಾರಿಕಾ, ವೈಶಾಲಿ, ಆಮೇಲೆ ಇವರು. ಎಂಬತ್ತಕ್ಕೂ ಹೆಚ್ಚು ಗ್ರ್ಯಾಂಡ್‌ಮಾಸ್ಟರ್‌ಗಳಿರುವ ದೇಶದಲ್ಲಿ ನಾಲ್ಕೇ.

ಕಾರವಾರ ತಮ್ಮ:

ಅಕ್ಕೋರೆ, ದಿವ್ಯಾ ಗೆದ್ದದ್ದಕ್ಕೆ ನಾನೂ ಖುಷಿಪಟ್ಟವನೇ. ಆದರೂ ಒಂದು ಟೂರ್ನಮೆಂಟ್ ಗೆದ್ದರೆ ನೇರ ಟೈಟಲ್ ಅನ್ನುವ ನಿಯಮ ನನಗೆ ಸರಿ ಕಾಣೋದಿಲ್ಲ. ಖಂಡ, ವಲಯ ಅಂತ ಬೇರೆ ಎಷ್ಟೋ ಸ್ಪರ್ಧೆಗಳಲ್ಲಿ ನೇರ ಟೈಟಲ್‌ಗಳಿವೆ. ಕೆಲವು ವಲಯದಲ್ಲಿ ಸ್ಪರ್ಧೆ ತೀರಾ ದುರ್ಬಲ. ಅಲ್ಲಿಯ ಟೈಟಲ್ಲೂ ಇಲ್ಲಿಯ ಟೈಟಲ್ಲೂ ಒಂದೇ ಹೆಸರಲ್ಲಿ ಇರ್ತವೆ.

ದಾಂಡೇಲಿ ಹಳಬ:

ಆ ನಿಯಮ ಯಾಕ ಹಂಗ ಐತಿ ಅಂತ ನಾ ಹೇಳ್ತೀನಿ ನೋಡ್ರಿ. ಫಿಡೆದಾಗ ಒಂದು ದೇಶಕ್ಕ ಒಂದ ವೋಟು. ನಮ್ಮ ನೂರಾ ನಲವತ್ತು ಕೋಟಿ ಜನರಿಗೂ ಒಂದ, ಮೊನಾಕೊಕ್ಕೂ ಒಂದ. ಸುಮಾರು ಇನ್ನೂರು ಫೆಡರೇಶನ್ ಅದಾವು. ಅಧ್ಯಕ್ಷ ಆಗಬೇಕು ಅನ್ನಾಂವ ಸಣ್ಣ ಸಣ್ಣ ದೇಶದವರ ಮನಸ್ಸು ಗೆಲ್ಲಬೇಕು. ಸಣ್ಣ ವಲಯಕ್ಕ ನೇರ ಟೈಟಲ್, ಅಭಿವೃದ್ಧಿ ಅನುದಾನ, ಇವೆಲ್ಲ ಸಹಾಯನೂ ಹೌದು, ಚುನಾವಣೆಯ ಲೆಕ್ಕಾನೂ ಹೌದು. ಎರಡನ್ನೂ ಬ್ಯಾರೆ ಮಾಡಾಕ ಬರೂದಿಲ್ಲ.

ನಾ ಈ ಆಟದ ಸುದ್ದಿ ಓದಾಕ ಶುರು ಮಾಡಿದ್ದು ಕಾರ್ಪೋವ್-ಕಾಸ್ಪರೋವ್ ಕಾಲದಾಗ. 1985ರ ಫೆಬ್ರವರಿಯೊಳಗ, 48 ಆಟ ಆದ ಮ್ಯಾಲ, ಆಗಿನ ಫಿಡೆ ಅಧ್ಯಕ್ಷ ಕ್ಯಾಂಪೊಮಾನೆಸ್ ಅವರಿಬ್ಬರ ವಿಶ್ವ ಚಾಂಪಿಯನ್ ಪಂದ್ಯಾನ ನಿಲ್ಲಿಸಿಬಿಟ್ರು. ಗೆಲುವಿನ ಲೆಕ್ಕದಾಗ ಕಾರ್ಪೋವ್ 5-3 ಮುಂದಿದ್ರು, ಆದರ ಕೊನೀ ಎರಡು ಆಟ ಕಾಸ್ಪರೋವ್ ಗೆದ್ದಿದ್ರು. ಆಟಗಾರರು ಇಬ್ಬರೂ ಆಡಾಕ ತಯಾರಿದ್ರು. ಆ ಸಿಟ್ಟು ಎಲ್ಲಿಗೆ ಮುಟ್ಟಿತು ಅಂದ್ರ, 1993ರಾಗ ಕಾಸ್ಪರೋವ್ ಮತ್ತ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಫಿಡೆ ಬಿಟ್ಟು ಹೊರಗ ಹೋಗಿ ತಮ್ಮದ ಪಂದ್ಯ ಆಡಿದ್ರು. ಅಲ್ಲಿಂದ 2006ರತನಕ ಜಗತ್ತಿಗೆ ಇಬ್ಬರು ವಿಶ್ವ ಚಾಂಪಿಯನ್. ನಮ್ಮ ಆನಂದ್ 2000ದಾಗ ತೆಹ್ರಾನ್‌ನಾಗ ಗೆದ್ದಾಗೂ, ಇದು ಅರ್ಧ ಪಟ್ಟ ಅಂದವರು ಇದ್ರು. ಅಂಥಾ ಆಟಗಾರ 2007ರಾಗ ಮೆಕ್ಸಿಕೊದಾಗ ಮತ್ತ ಗೆದ್ದು ತೋರಿಸಬೇಕಾತು. ಆಡಳಿತದವರ ಜಗಳದ ಸಾಲಾನ ಆಟಗಾರ ತೀರಿಸಿದ.

ಕಾಸ್ಪರೋವ್ ಆಮ್ಯಾಲ 2014ರಾಗ ಅಧ್ಯಕ್ಷ ಸ್ಥಾನಕ್ಕ ನಿಂತ್ರು. ಆಗಿನ ಅಧ್ಯಕ್ಷ ಇಲ್ಯುಮ್ಜಿನೋವ್ ಎದುರು 110ಕ್ಕ 61, ಸೋತ್ರು. ಆಟದಾಗ ಅವರಿಗಿದ್ದ ಹೆಸರು ಯಾರಿಗಿತ್ತು? ಮತದಾಗ ಅದು ಉಪಯೋಗಕ್ಕ ಬರಲಿಲ್ಲ. 2018ರಾಗ ರಷ್ಯಾದ ಉಪಪ್ರಧಾನಿ ಆಗಿದ್ದ ದ್ವೋರ್ಕೊವಿಚ್ ಅಧ್ಯಕ್ಷ ಆಗಿ ಬಂದ್ರು. 2022ರಾಗ ಚೆನ್ನೈದಾಗ 157ಕ್ಕ 16ರಿಂದ ಮತ್ತ ಗೆದ್ರು, ನಮ್ಮ ಆನಂದ್ ಅವರ ಜೋಡಿ ಉಪಾಧ್ಯಕ್ಷ ಆದ್ರು. ಯುಕ್ರೇನ್ ಯುದ್ಧ ನಡದಿತ್ತು, ಎದುರಿಗೆ ನಿಂತಾಂವ ಯುಕ್ರೇನ್‌ನ ಗ್ರ್ಯಾಂಡ್‌ಮಾಸ್ಟರ್. ಆ 157ರೊಳಗ ಎಷ್ಟು ಆಟದ ವಿಚಾರ, ಎಷ್ಟು ಬ್ಯಾರೆ ವಿಚಾರ ಅಂತ ನೀವ ಯೋಚನೆ ಮಾಡ್ರಿ.

ಕಾರವಾರ ತಮ್ಮ:

ಅಜ್ಜಾರೆ, ಇದೆಲ್ಲ ಗೊತ್ತಿರಬೇಕಾದ ಇತಿಹಾಸ. ಆದರೆ ಲೊಸಾನ್‌ನ ಫಿಡೆ ಕಚೇರಿಯಲ್ಲಿ ಯಾರು ಕೂತರೂ ಕಾರವಾರಕ್ಕೆ ಏನು ವ್ಯತ್ಯಾಸ?

ಯಲ್ಲಾಪುರ ಆರ್ಬಿಟರ್:

ವ್ಯತ್ಯಾಸ ಇದೆ. ರೇಟಿಂಗ್ ಆಟ ಎಲ್ಲಿ, ಯಾವಾಗ ನಡೀಬೇಕು ಅಂತ ತೀರ್ಮಾನಿಸುವ ಅಧಿಕಾರ ಅಲ್ಲಿಂದ ಇಲ್ಲಿತನಕ ಒಂದೇ ಸರಪಳಿಯಲ್ಲಿ ಇಳೀತದೆ. ಮೇಲಿನವರು ಈ ಅಧಿಕಾರವನ್ನು ಹೇಗೆ ಬಳಸ್ತಾರೆ ಅಂತ ಮೊದಲು ನೋಡಿ.

2022ರಲ್ಲಿ ರಷ್ಯಾದ ಕರ್ಯಾಕಿನ್‌ಗೆ ನಿಷೇಧ ಆಗಿ ಕ್ಯಾಂಡಿಡೇಟ್ಸ್‌ನಲ್ಲಿ, ಅಂದರೆ ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಟೂರ್ನಮೆಂಟ್‌ನಲ್ಲಿ, ಒಂದು ಜಾಗ ಖಾಲಿ ಆಯಿತು. ರೇಟಿಂಗ್‌ನಲ್ಲಿ ಮುಂದಿದ್ದವರು ಚೀನಾದ ಡಿಂಗ್ ಲಿರೆನ್, ಆದರೆ ಅವರು ಆಡಿದ ಆಟಗಳ ಸಂಖ್ಯೆ ಸಾಕಾಗಿರಲಿಲ್ಲ. ಚೀನಾದಲ್ಲಿ ಒಂದು ತಿಂಗಳೊಳಗೆ ಅವರಿಗಾಗಿ ಟೂರ್ನಮೆಂಟ್‌ಗಳನ್ನು ಏರ್ಪಡಿಸಿ ಸಂಖ್ಯೆ ತುಂಬಿಸಿದರು. ಅವರು ಮುಂದೆ ವಿಶ್ವ ಚಾಂಪಿಯನ್ ಆದರು. 2023ರ ಡಿಸೆಂಬರ್‌ನಲ್ಲಿ ತಮಿಳುನಾಡು ಕ್ರೀಡಾ ಪ್ರಾಧಿಕಾರದ ಬೆಂಬಲದಿಂದ ಚೆನ್ನೈ ಗ್ರ್ಯಾಂಡ್‌ಮಾಸ್ಟರ್ಸ್ ಅವಸರದಲ್ಲಿ ನಡೀತು. ಗುಕೇಶ್ ಅದನ್ನು ಗೆದ್ದು, ಫಿಡೆ ಸರ್ಕ್ಯೂಟ್ (ವರ್ಷದ ಟೂರ್ನಮೆಂಟ್‌ಗಳ ಫಲಿತಾಂಶ ಕೂಡಿಸುವ ಪಟ್ಟಿ) ಅಂಕದಿಂದ ಕ್ಯಾಂಡಿಡೇಟ್ಸ್‌ಗೆ ಹೋದರು. ಮರುವರ್ಷ ಡಿಸೆಂಬರ್ 12ಕ್ಕೆ ಸಿಂಗಾಪುರದಲ್ಲಿ ಅದೇ ಡಿಂಗ್‌ರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್. 2025ರಲ್ಲಿ ಅಮೆರಿಕದ ನಕಾಮುರಾ ಆಟಗಳ ಸಂಖ್ಯೆ ತುಂಬಿಸಲು ಅಲ್ಲಿಯ ಸಣ್ಣ ಊರುಗಳ ಟೂರ್ನಮೆಂಟ್ ಆಡಿದರು. ಆಮೇಲೆ ಫಿಡೆ, 2650ರ ಮೇಲಿನವರಿಗೆ 400 ಅಂಕದ ಮಿತಿಯ ನಿಯಮವನ್ನು (ರೇಟಿಂಗ್ ಅಂತರ 400 ದಾಟಿದರೂ 400 ಅಂತಲೇ ಎಣಿಸುವುದು) ತೆಗೆಯಿತು.

ಇವರ್ಯಾರೂ ಅನ್ಯಾಯ ಮಾಡಿದರು ಅಂತ ನಾನು ಹೇಳ್ತಿಲ್ಲ. ಗುಕೇಶ್ ಆ ಪಟ್ಟಕ್ಕೆ ನೂರಕ್ಕೆ ನೂರು ಅರ್ಹ. ಹೇಳೋದು ಇಷ್ಟೇ: ಮನಸ್ಸು ಮಾಡಿದ ಕಡೆ, ಬೇಕಾದ ಹೊತ್ತಿಗೆ ಬೋರ್ಡ್ ಹಾಕಿ ಕೊಟ್ಟರು. ನಮ್ಮ ಜಿಲ್ಲೆಯ ಮಕ್ಕಳಿಗೆ ಹಾಗೆ ಹಾಕಿ ಕೊಡೋದು ಯಾರ ಕೆಲಸ?

ತಾಲೂಕು, ಜಿಲ್ಲೆ, ರಾಜ್ಯ, ಅಖಿಲ ಭಾರತ ಚೆಸ್ ಫೆಡರೇಶನ್, ಫಿಡೆ. ಜಿಲ್ಲೆಗಳು ರಾಜ್ಯದಲ್ಲಿ, ರಾಜ್ಯಗಳು ಫೆಡರೇಶನ್‌ನಲ್ಲಿ ಮತ ಹಾಕ್ತವೆ. ಆ 157ರಲ್ಲೋ 16ರಲ್ಲೋ ಒಂದು ಮತ ಭಾರತದ್ದು, ಅದರ ಬೇರು ಜಿಲ್ಲೆಗಳಲ್ಲಿದೆ. ನಮ್ಮ ಜಿಲ್ಲೆಯಿಂದ ಯಾರು ಹೋಗಿ ಮತ ಹಾಕ್ತಾರೆ, ಅವರನ್ನು ಯಾರು ಆರಿಸಿದರು, ಸಭೆಯ ನೋಟಿಸ್ ಯಾರಿಗೆ ಹೋಗ್ತದೆ ಅಂತ ಇಲ್ಲಿ ಎಷ್ಟು ಪಾಲಕರಿಗೆ ಗೊತ್ತು?

ಫೆಡರೇಶನ್‌ನ ಚರಿತ್ರೆಯೂ ಚೆನ್ನಾಗಿಲ್ಲ. 2020ರ ಹೊತ್ತಿಗೆ ಅಧ್ಯಕ್ಷರದ್ದೊಂದು ಬಣ, ಕಾರ್ಯದರ್ಶಿಯದ್ದೊಂದು ಬಣ, ಎಲ್ಲ ಕೋರ್ಟಿನಲ್ಲಿ. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಇನ್ನೇನು ಶುರುವಾಗಬೇಕು ಅನ್ನುವಾಗ ದೆಹಲಿ ಹೈಕೋರ್ಟ್ ಕಾರ್ಯದರ್ಶಿಯ ನೇಮಕವನ್ನೇ ರದ್ದು ಮಾಡಿತು, ಒಲಿಂಪಿಯಾಡ್ ಮುಗಿಯೋ ತನಕ ಇರಲಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದಕ್ಕಿಂತ ಹಿಂದಿನದು ಇನ್ನೂ ಮುಖ್ಯ. ಫೆಡರೇಶನ್ ಒಪ್ಪದ ಟೂರ್ನಮೆಂಟ್ ಆಡಿದರು ಅಂತ ಕೆಲವು ಆಟಗಾರರ ರೇಟಿಂಗನ್ನೇ ತೆಗೆಸಿದ್ದರು. ಅವರು ವ್ಯಾಪಾರದಲ್ಲಿ ಏಕಸ್ವಾಮ್ಯ ತಡೆಯುವ ಭಾರತೀಯ ಸ್ಪರ್ಧಾ ಆಯೋಗಕ್ಕೆ (ಸಿಸಿಐ) ಹೋದರು. 2018ರ ಜುಲೈನಲ್ಲಿ ಆಯೋಗ, ಇದು ಪ್ರಾಬಲ್ಯದ ದುರುಪಯೋಗ ಅಂತ ತೀರ್ಪು ಕೊಟ್ಟು ಫೆಡರೇಶನ್‌ಗೆ ದಂಡ ಹಾಕಿತು. ಆಟಗಾರರು ದೂರು ಕೊಟ್ಟದ್ದು 2011ರಲ್ಲಿ. ಏಳು ವರ್ಷ. ಒಬ್ಬ ಆಟಗಾರನ ಒಳ್ಳೆಯ ವಯಸ್ಸೇ ಅಷ್ಟು.

ಸದಾಶಿವಗಡ:

ಇದನ್ನೆಲ್ಲ ನೋಡಿಯೇ ಮಗನನ್ನು ಗೋವಾದಿಂದ ಆಡಿಸೋಣ ಅಂತ ಮನೆಯಲ್ಲಿ ಮಾತಾಗಿದೆ. ಅಲ್ಲಿ ಅತ್ತೆಯ ಮನೆ ಇದೆ. ಕರ್ನಾಟಕದಷ್ಟು ದೊಡ್ಡ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ ಆದದ್ದು 2017ರಲ್ಲಿ. ಎರಡೇ ಜಿಲ್ಲೆಯ ರಾಜ್ಯವಾಗಿದ್ದ ಗೋವಾದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅನುರಾಗ್ ಮ್ಹಾಮಲ್ ಆದದ್ದೂ ಅದೇ ವರ್ಷ. 2025ರ ವಿಶ್ವಕಪ್ ಅಲ್ಲೇ ನಡೀತು, 206 ಆಟಗಾರರು ಬಂದಿದ್ದರು, ಗೆದ್ದವರು ಉಜ್ಬೇಕಿಸ್ತಾನದ ಸಿಂದರೋವ್. ಮಗನನ್ನು ಕರಕೊಂಡು ಹೋಗಿದ್ದೆ. ರಾಷ್ಟ್ರಮಟ್ಟದ ವಯೋಮಿತಿ ಸ್ಪರ್ಧೆಗೆ ರಾಜ್ಯದಿಂದ ಆಯ್ಕೆಯಾಗೋದು ಕೈಬೆರಳೆಣಿಕೆ ಜನ. ಬೆಂಗಳೂರಿನ ಅಷ್ಟು ಮಕ್ಕಳ ಮಧ್ಯೆ ನಮ್ಮವರಿಗೆ ಎಲ್ಲಿ ಸಿಗ್ತದೆ? ಹೆಚ್ಚು ಶುಲ್ಕ ಕೊಟ್ಟು ಡೋನರ್ ಎಂಟ್ರಿ ಅಂತ ಹೋಗಬಹುದು, ಅದು ಎಲ್ಲರ ಕೈಲಿ ಆಗುವಂಥದ್ದಲ್ಲ.

ಅಕ್ಕೋರು, ಹೊನ್ನಾವರ:

ನಿಮಗೆ ಗೋವಾದಲ್ಲಿ ಮನೆ ಇದೆ, ಹೋಗಿ, ತಪ್ಪೇನಿಲ್ಲ. ಮಗುವಿನ ಭವಿಷ್ಯ ಅದು. ಆದರೆ ಹೋಗಲಿಕ್ಕೆ ಆಗುವವರೆಲ್ಲ ಹೋದರೆ ಇಲ್ಲಿ ಕೇಳುವವರೇ ಇರೋದಿಲ್ಲ. ಆ ಮೀನುಗಾರರ ಹುಡುಗನಿಗೆ ಗೋವಾದಲ್ಲಿ ಅತ್ತೆ ಇಲ್ಲ.

ದಾಂಡೇಲಿ ಹಳಬ:

ಅಕ್ಕಾರು ಹೇಳಿದ್ದು ಸರಿ. ಇನ್ನೊಂದು ಮಾತು. 2025ರ ಆಗಸ್ಟ್‌ನಾಗ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದೈತಿ. ರಾಷ್ಟ್ರೀಯ ಫೆಡರೇಶನ್‌ಗಳ ಕಾರ್ಯಕಾರಿ ಸಮಿತಿಯೊಳಗ ಕನಿಷ್ಠ ನಾಲ್ಕು ಹೆಣ್ಣುಮಕ್ಕಳು ಇರಬೇಕು, ಸಾಧನೆ ಮಾಡಿದ ಆಟಗಾರರು ಇರಬೇಕು, ತಕರಾರು ಕೇಳಾಕ ನ್ಯಾಯಮಂಡಳಿ ಇರಬೇಕು ಅಂತ ಐತಿ. ಅದು ಮ್ಯಾಲಿನ ಮಟ್ಟದ ಮಾತು. ಆದರ ಮ್ಯಾಲ ಆಗಬೇಕು ಅನ್ನೂದನ್ನ ಜಿಲ್ಲಾದಾಗೂ ಕೇಳಾಕ ಯಾರ ಅಪ್ಪಣೆ ಬೇಕು? ವಾರ್ಷಿಕ ಸಭೆಗೆ ಪಾಲಕರು ಹೋಗಬೇಕು. ಹೆಣ್ಣುಮಕ್ಕಳ ತಾಯಂದಿರು ಹೋಗಬೇಕು.

ಶಿರಸಿ ಪಾಲಕ:

ಎಲ್ಲರಿಗೂ ನಮಸ್ಕಾರ. ಮಾಸ್ತರರು ಹೇಳಿದ ಲೆಕ್ಕವನ್ನು ಮಗಳ ಜೊತೆ ಕೂತು ಮಾಡಿದೆ. ಮೂರು ಆಟ ಅಂತ ಗೊತ್ತಾದ ಮೇಲೆ ಆ ಮೂರೂ ಆಟದ ಸ್ಕೋರ್‌ಶೀಟ್ ತೆಗೆದು ತಾನೇ ನೋಡ್ತಿದ್ದಾಳೆ. ಅಕಾಡೆಮಿಯವರಿಗೆ ಬೇಡ ಅಂದೆ.

ಆರ್ಬಿಟರ್ ಸರ್, ಜಿಲ್ಲೆಯಲ್ಲಿ ಒಂದು ರೇಟೆಡ್ ಕ್ಲಾಸಿಕಲ್ (ಹೆಚ್ಚು ಸಮಯದ ಆಟ) ಟೂರ್ನಮೆಂಟ್ ಮಾಡಬೇಕಾದರೆ ಕನಿಷ್ಠ ಏನು ಬೇಕು ಹೇಳಿ. ಬಹುಮಾನಕ್ಕೆ ನಾವು ಕೆಲವು ಪಾಲಕರು ಸೇರಿ ಸ್ವಲ್ಪ ಹೊಂದಿಸಬಹುದು.

ಯಲ್ಲಾಪುರ ಆರ್ಬಿಟರ್:

1800ರ ಕೆಳಗಿನವರಿಗೆ ಅಂತ ಇಟ್ಟರೆ ಎಲ್ಲ ಸುಲಭ. ಇಬ್ಬರೂ 1800ರ ಕೆಳಗಿದ್ದರೆ, 60 ನಡೆಗೆ ಒಬ್ಬರಿಗೆ 60 ನಿಮಿಷ ಸಾಕು. ಅಂದರೆ 30 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್. ಮೂರು ದಿನದಲ್ಲಿ ಏಳು ಸುತ್ತು ಆರಾಮಾಗಿ ಆಗ್ತದೆ. ಅದಕ್ಕಿಂತ ಮೇಲಿನವರನ್ನು ಸೇರಿಸಿದರೆ 90 ನಿಮಿಷ ಬೇಕು, ದಿನ ಹೆಚ್ಚಾಗ್ತದೆ, ಖರ್ಚೂ ಹೆಚ್ಚು.

ಫೆಡರೇಶನ್ ಮೂಲಕ ಮುಂಚೆಯೇ ನೋಂದಣಿ ಆಗಬೇಕು, ಅದಕ್ಕೆ ಜಿಲ್ಲೆ ಮತ್ತು ರಾಜ್ಯದ ಒಪ್ಪಿಗೆ ಬೇಕು. ಲೈಸೆನ್ಸ್ ಇರುವ ಆರ್ಬಿಟರ್ ಬೇಕು, ಅದು ನಾನು ನೋಡ್ಕೊಳ್ತೇನೆ, ಸಂಭಾವನೆ ಬೇಡ. ಡಿಜಿಟಲ್ ಕ್ಲಾಕ್ ಬಾಡಿಗೆಗೆ ತರಬಹುದು. ದಸರಾ ರಜೆಯಲ್ಲಿ ಇಟ್ಟರೆ ಶಾಲೆಯ ಹಾಲ್ ಸಿಗ್ತದೆ. ಉಳಿದದ್ದು ಒಂದೇ, ಹೊರಗಿನ ರೇಟೆಡ್ ಮಕ್ಕಳು. ಕನಿಷ್ಠ ಅರ್ಧದಷ್ಟು ಜನ ರೇಟೆಡ್ ಇದ್ದರೆ ಹೊನ್ನಾವರದ ಆ ಹನ್ನೆರಡರಲ್ಲಿ ಕೆಲವರಾದರೂ ಪಟ್ಟಿಗೆ ಬರ್ತಾರೆ.

ಕಾರವಾರ ತಮ್ಮ:

1800ರ ಕೆಳಗೆ ಅಂದರೆ ನಾನು ಆಡೋ ಹಾಗಿಲ್ಲ. ನನ್ನಂಥವರು ಜಿಲ್ಲೆಯಲ್ಲಿ ಬೆರಳೆಣಿಕೆ, ನಮಗೆ ಮುಂದೆಯೂ ಹೊರಗೇ ಹೋಗಬೇಕು, ಅದು ಸರಿಯಲ್ಲ ಅಂತ ಇಲ್ಲಿ ಬರೆದಿಡ್ತೇನೆ. ಆದರೂ ಇದು ಮೊದಲು ಆಗಲಿ. ಮೂರೂ ದಿನ ಬರ್ತೇನೆ, ಬೋರ್ಡ್ ಜೋಡಿಸೋದು, ಫಲಿತಾಂಶ ಕಂಪ್ಯೂಟರಿಗೆ ಹಾಕೋದು ನನಗೆ ಕೊಡಿ. ಸಂಜೆ ಮಕ್ಕಳಿಗೆ ಅವರವರ ಆಟ ಬಿಡಿಸಿ ಹೇಳ್ತೇನೆ.

ಅಕ್ಕೋರು, ಹೊನ್ನಾವರ:

ನಮ್ಮ ಹೆಡ್ ಮಾಸ್ತರ ಹತ್ರ ನಿನ್ನೆ ಮಾತಾಡಿದೆ. ಹಾಲ್ ಕೊಡ್ತಾರೆ, ಬೆಂಚು ಡೆಸ್ಕು ನೂರು ಜನಕ್ಕೆ ಸಾಕು, ಊಟದ ವ್ಯವಸ್ಥೆ ಹಳೆಯ ವಿದ್ಯಾರ್ಥಿಗಳು ನೋಡ್ತಾರೆ. ಹೊರಗಿನ ಹುಡುಗಿಯರು ಮತ್ತು ತಾಯಂದಿರು ಉಳಿಯಲಿಕ್ಕೆ ನಮ್ಮ ಶಿಕ್ಷಕಿಯರ ಮನೆಗಳಿವೆ, ಲಾಡ್ಜ್ ಬೇಡ. ಕರೆಂಟ್ ಹೋದರೆ ಅಂತ ಇನ್ವರ್ಟರ್ ಒಂದು ಕಡಿಮೆ ಇದೆ.

ಸದಾಶಿವಗಡದವರೆ, ನೀವು ಗೋವಾದಿಂದ ಆಡಿಸಿದರೂ ಸರಿ, ಕಾಣಕೋಣ, ಮಡಗಾಂವ್ ಕಡೆಯ ರೇಟೆಡ್ ಮಕ್ಕಳ ಪಾಲಕರ ಹತ್ತಿರ ಕೇಳಿ ಎಷ್ಟು ಜನ ಬರಬಹುದು ಅಂತ ಹಾಕಿ. ಕೊಂಕಣ ರೈಲಿನಲ್ಲಿ ನೇರ ಹೊನ್ನಾವರಕ್ಕೆ ಇಳೀಬಹುದು. ದಾಂಡೇಲಿಯ ಹಿರಿಯರು ಧಾರವಾಡದ ಕಡೆ ಕೇಳಲಿ. ಜಿಲ್ಲೆಯ ಒಪ್ಪಿಗೆಗೆ ಅರ್ಜಿಯನ್ನು ಶಿರಸಿಯವರು, ನಾನು, ಆರ್ಬಿಟರ್ ಸರ್ ಮೂವರೂ ಸಹಿ ಹಾಕಿ ಕೊಡೋಣ, ವಾರ್ಷಿಕ ಸಭೆ ಯಾವಾಗ ಅಂತಲೂ ಅದರಲ್ಲೇ ಬರೆದು ಕೇಳೋಣ.

ಸದಾಶಿವಗಡ:

ಭಾನುವಾರ ಮಡಗಾಂವ್‌ನಲ್ಲಿ ಒಂದು ರ್‍ಯಾಪಿಡ್ (ಕಡಿಮೆ ಸಮಯದ ಆಟ) ಟೂರ್ನಮೆಂಟ್ ಇದೆ, ಅಲ್ಲಿ ಎಲ್ಲ ಪಾಲಕರೂ ಸಿಗ್ತಾರೆ. ಕೇಳಿ ರಾತ್ರಿ ಹಾಕ್ತೇನೆ. ಇನ್ವರ್ಟರ್ ನನ್ನ ಅಂಗಡಿಯಲ್ಲಿದೆ, ತರ್ತೇನೆ.